ದಂಟಿನ ಏಣಿಯ ಸೋಯರಿಕೆ

1967ರ ಜುಲೈ, ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಾನಗಲ್ಲಿನ ನಮ್ಮ ಹೈಸ್ಕೂಲಿನ ಕೊನೆಯ ವರ್ಗ. ಹಾಜರಿದ್ದವರು: ವಿದ್ಯಾರ್ಥಿಗಳು, ಹೆಡ್‌ಮಾಸ್ತರರು, ತಪಾಸಣೆಗೆ ಬಂದ ಸಾಹೇಬರು ಮತ್ತು ವಿಜ್ಞಾನ ಶಿಕ್ಷಕನಾದ ನಾನು. ನನ್ನ ನೌಕರಿ ಕಾಯಂ ಆಗಬೇಕಾದರೆ ಹೆಡ್‌ಮಾಸ್ತರರ ಶಿಫಾರಸು ಅಂದೇ ಸಾಹೇಬರ ಕೈ ಸೇರಬೇಕಿತ್ತು.

ಪಾಠ, ಜೀವಕೋಶದೊಳಗಿನ ಡಿ.ಎನ್.ಎ. ಎರಡು ಹುರಿಗಳ ನಡುವೆ ಜೋಳದ ದಂಟಿನ ಮೆಟ್ಟಿಲು ಕಟ್ಟಿ, ತಿರುಚಿದ ಏಣಿಯೊಂದನ್ನು ಭಾನುವಾರವೇ ಮಾಡಿಟ್ಟಿದ್ದೆ. ಪ್ರತಿ ಮೆಟ್ಟಿಲಿಗೂ ಎರಡು ತುಂಡು, ನಡುವೆ ಜಾಲಿಮುಳ್ಳು. ಉದ್ದನೆಯ ಹಳದಿಗೆ ಗಿಡ್ಡ ಕೆಂಪು, ಉದ್ದನೆಯ ನೀಲಿಗೆ ಗಿಡ್ಡ ಕಪ್ಪು. ಬೇರೆ ಜೋಡಿಯಿಲ್ಲ. ತಂದೆತಾಯಿಯಿಂದ ಬರುವ ಲಕ್ಷಣಗಳೆಲ್ಲ ಈ ಬಣ್ಣಗಳ ಸರದಿಯಲ್ಲಿಯೇ ಅಡಗಿರುತ್ತವೆ.

ಮುಚ್ಚಿದ್ದ ಬಟ್ಟೆ ಸರಿಸಿದೆ. ಏಣಿ ಕುರಿ ನುಂಗಿದ ಹೆಬ್ಬಾವಿನಂತೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಬಡಕಲಾಗಿತ್ತು. ಹಳದಿಗೆ ಹಳದಿ, ಕೆಂಪಿಗೆ ಕೆಂಪು!

"ನಾನ ಮುಂಜಾನೆ ಕುಂತು ಸರಿ ಮಾಡೇನ್ರಿ ಸಾಹೇಬ್ರ," ಎಂದರು ಹೆಡ್‌ಮಾಸ್ತರರು. "ನಮ್ಮ ಮಾಸ್ತರು ಇನ್ನಾ ಸಣ್ಣವ್ರು. ಎಲ್ಲಾ ಕಲಬೆರಕಿ ಮಾಡಿಟ್ಟಿದ್ರು. ಅವರವರಿಗೆ ಅವರವರ ಇರಬೇಕ್ರಿ."

ಸವಣೂರಿನಿಂದ ಹಿರೇಕೆರೂರಿನವರೆಗೆ ಯಾವ ಮನೆಗೆ ಯಾವ ಒಳಪಂಗಡದ ಸೊಸೆ ಎಂಬುದು ಅವರಿಗೆ ಬಾಯಿಪಾಠ. ಅಷ್ಟು ಸೋಯರಿಕೆ ಬೆಸೆದು ಮದುವೆ ಕುದುರಿಸಿದ ಕೈ ಜೀವಕೋಶವನ್ನು ಬಿಟ್ಟೀತೇ?

ಸುಮ್ಮನಿದ್ದರೆ ನೌಕರಿ ಕಾಯಂ.

"ಇದು ಹಿಂಗ ಇರೂದಿಲ್ರಿ ಸರ್. ತಮ್ಮ ತಮ್ಮವರನ್ನ ಕೂಡಿಸಿದ್ರ ಏಣಿ ಸೊಟ್ಟ ಆಗತೈತ್ರಿ," ಎಂದು ಮುಳ್ಳು ಕಿತ್ತೆ.

ಜೋಡಿಗಳನ್ನು ಮೊದಲಿನಂತೆ ಕೂಡಿಸಿದೆ. ಏಣಿಯ ಅಗಲ ಉದ್ದಕ್ಕೂ ಒಂದೇ ಆಯಿತು. ಮತ್ತೆ ಮುಳ್ಳು ಕಿತ್ತು ನಡುವೆ ಬಿಡಿಸಿದೆ. ಒಂದೊಂದು ಬದಿಗೂ ಹೊಸ ಹುರಿ, ಹೊಸ ತುಂಡು ಜೋಡಿಸಿದೆ: ಹಳದಿಯ ಎದುರು ಕೆಂಪು, ಕಪ್ಪಿನ ಎದುರು ನೀಲಿ. ಏಣಿ ಎರಡಾಯಿತು, ಎರಡರಲ್ಲೂ ಒಂದು ಬದಿ ಹಳೆಯದು, ಒಂದು ಬದಿ ಹೊಸದು. ಕೋಶ ಒಡೆದು ಎರಡಾಗುವ ಮುನ್ನ ನಡೆಯುವ ನಕಲು ಇದೇ.

"ನಮ್ಮ ಮೈಯಾಗೂ ಇದ ಇರತೈತೇನ್ರಿ?" ಸಾಹೇಬರು ಕೇಳಿದರು.

"ಹೌದ್ರಿ. ನಿಮ್ಮೊಳಗ, ನನ್ನೊಳಗ, ಹೆಡ್‌ಮಾಸ್ತರರೊಳಗ. ಎಲ್ಲಾರಿಗೂ ಅದ ನಾಕು ಬಣ್ಣ."

"ನಮ್ಮ ಮನಿತನದಾಗ ಹಂಗಿಲ್ರಿ!" ಹೆಡ್‌ಮಾಸ್ತರರು ಗುಡುಗಿದರು.

ವರ್ಗವೆಲ್ಲ ನಕ್ಕಿತು. ಸಾಹೇಬರೂ ಬಾಯಿಗೆ ಕರವಸ್ತ್ರ ಹಿಡಿದರು.

ಮೂರು ಗಂಟೆಗೆ ಶಿಫಾರಸು ಸಿದ್ಧವಾಯಿತು: ‘ಹಿರಿಯರ ತಿದ್ದುಪಡಿಗೆ ಒಗ್ಗುವುದಿಲ್ಲ. ಇನ್ನೊಂದು ವರ್ಷ ನೋಡತಕ್ಕದ್ದು.’ ನಕ್ಕಿದ್ದ ಸಾಹೇಬರೇ ಅದರ ಕೆಳಗೆ ಸಹಿ ಹಾಕಿದರು. ಅವರ ಮಗಳಿಗೆ ವರ ಹುಡುಕುತ್ತಿದ್ದವರು ಹೆಡ್‌ಮಾಸ್ತರರೇ.

ಐದು ಗಂಟೆಗೆ ಪಾಠದ ವಹಿಯಲ್ಲಿ ‘ಡಿ.ಎನ್.ಎ. ರಚನೆ, ನಕಲು: ಪೂರ್ಣ’ ಎಂದು ಬರೆದೆ. ಎರಡೂ ಏಣಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ನನ್ನ ಜೇಬಿಗೇ ಇಳಿಸಿದೆ.