ಮಲ್ಲೇಶ್ವರಿ ಬದಲಿಸದ ಬಣ್ಣ

ಶಹಾಪುರದ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮಲ್ಲೇಶ್ವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬರದೆ ಏನು ಮಾಡೀತು? ಶಿರವಾಳದಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಅವಳು ಮಾಡುವ ಕೆಲಸವೆಂದರೆ ಮಂದಿಯ ಸುಳ್ಳಿಗೆ ಬಣ್ಣ ಹಚ್ಚುವುದು. ವಧುವಿನ ಮುಖ ಬೆಳ್ಳಗಾಗಬೇಕು, ಪುಢಾರಿಯ ತಲೆಗೂದಲು ಕಪ್ಪಾಗಬೇಕು. ಗೊಣಗುತ್ತಲೇ ಎಲ್ಲ ಮಾಡಿಕೊಡುತ್ತಿದ್ದಳು.

ಆವತ್ತು ಕೆಂಭಾವಿಯ ಅಮರಪ್ಪ ತಂದ ಕೆಲಸ ಮಾತ್ರ ಅವಳ ಮೈ ಉರಿಸಿತು. ತೀರಿಹೋದ ತಮ್ಮನ ಮಗಳು ಶಿವಾನಿಯ ಮದುವೆಗೆ ಫ್ಲೆಕ್ಸ್ ಮಾಡಿಸಬೇಕಿತ್ತು. ತಂದಿದ್ದ ನಿಶ್ಚಿತಾರ್ಥದ ಫೋಟೋದಲ್ಲಿ ಶಿವಾನಿಯ ಪಕ್ಕ ಅವಳ ತಾಯಿ ದೇವಕಮ್ಮ ಹಸಿರು ಸೀರೆ ಉಟ್ಟು ನಿಂತಿದ್ದಳು. ಮಗಳ ಹಟಕ್ಕೆ ಉಟ್ಟದ್ದು.

“ಈಕಿ ಸೀರಿ ಬೂದಿ ಬಣ್ಣ ಮಾಡವಾ. ಗಂಡ ಸತ್ತಾಕಿ ಹಸರು ಉಟ್ಟಾಳಂತ ಊರ ಮಂದಿ ನಮ್ಮ ಮಾರಿಗಿ ಉಗುಳತಾರ,” ಎಂದ ಅಮರಪ್ಪ.

ಮದುವೆ ಬಟ್ಟೆ ತರಲು ಅವನ ಜೊತೆಗೇ ಬಂದ ದೇವಕಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದಾಳೆ! ಅವಳನ್ನು ಒಂದು ಮಾತು ಕೇಳಬೇಕೆಂಬ ಖಬರೂ ಈ ಮನುಷ್ಯನಿಗಿಲ್ಲ. ಮಲ್ಲೇಶ್ವರಿಗೆ ತನ್ನ ಅವ್ವ ನೆನಪಾದಳು. ವಿಧವೆಯೆಂದು ಮಲ್ಲೇಶ್ವರಿಯ ಮದುವೆಯ ದಿನ ಅಡುಗೆಮನೆ ಬಿಟ್ಟು ಹೊರಗೆ ಬಾರದ ಅವ್ವ ಆ ಮದುವೆಯ ಒಂದು ಫೋಟೋದಲ್ಲೂ ಇಲ್ಲ. ಇಲ್ಲೊಬ್ಬಳು ಧೈರ್ಯ ಮಾಡಿ ನಿಂತರೆ ಅವಳ ಮೇಲೂ ಬೂದಿ ಸುರಿಯಬೇಕಂತೆ!

ಹಲ್ಲು ಕಡಿಯುತ್ತ ಮೌಸ್ ಹಿಡಿದಳು. ಬಣ್ಣ ಬದಲಿಸುವ ಮೊದಲು ಸೀರೆಯ ಸುತ್ತ ಗೆರೆ ಎಳೆದು ಅಷ್ಟನ್ನೇ ಬೇರ್ಪಡಿಸಿಕೊಳ್ಳಬೇಕು. ಸಿಟ್ಟಿನ ಭರದಲ್ಲಿ ಅದನ್ನು ಮರೆತು ನೇರ ಹಸಿರಿಗೇ ಕೈ ಹಾಕಿದಳು. ಫೋಟೋದ ಹಸಿರೆಲ್ಲ ಬೂದಿಯಾಯಿತು. ಸೀರೆಯ ಜೊತೆಗೆ ಮದುಮಗಳ ಕೈತುಂಬ ಇದ್ದ ಹಸಿರು ಬಳೆಗಳೂ ಬೂದಿಯಾದವು.

“ಏ ಏ! ಕೂಸಿನ ಹಸರು ಬಳಿಗಿ ಏನ್ ಮಾಡ್ದಿ? ಅಪಶಕುನ!” ಅಮರಪ್ಪ ಹೌಹಾರಿದ. “ಮದಲಿನಂಗ ಮಾಡು! ಆಮ್ಯಾಲ ತಾಯಿದಷ್ಟ ತಗಿ.”

ಮಲ್ಲೇಶ್ವರಿ ಗುಂಡಿ ಒತ್ತಿ ಹಸಿರನ್ನು ಮರಳಿ ತಂದಳು.

“ಬ್ಯಾರೆ ಮಾಡಾಕ ಬರಂಗಿಲ್ರೀ. ಇಬ್ಬರ ಹಸರೂ ಒಂದ. ತಾಯಿದು ತೆಗದ್ರ ಮಗಳದೂ ಹೋಗ್ತದ. ಹೇಳ್ರಿ, ತೆಗೀಲೇನು?” ಎಂದು ಅವನ ಮುಖ ನೋಡಿಯೇ ಸುಳ್ಳು ಹೇಳಿದಳು.

ಅಮರಪ್ಪ ಮದುಮಗಳ ಬಳೆಗಳನ್ನೊಮ್ಮೆ ನೋಡಿದ. “ಇರಲಿ ಬಿಡು ಹಂಗ,” ಎಂದು ಗೊಣಗಿ ಚಹಾ ಕುಡಿಯಲು ಹೊರಗೆ ಹೋದ.

ದೇವಕಮ್ಮ ಮೆಲ್ಲಗೆ ಎದ್ದು ಬಂದಳು. “ಖರೇನ ಬರಂಗಿಲ್ಲೇನವಾ?”

“ಬರ್ತದ್ರೀ ಯವ್ವಾ. ನಾ ಮಾಡಂಗಿಲ್ಲ.”

ದೇವಕಮ್ಮ ಪರದೆಯ ಮೇಲಿನ ತನ್ನನ್ನೇ ಬಹಳ ಹೊತ್ತು ನೋಡಿದಳು. “ಮದವಿ ಮುಗದ್ ಮ್ಯಾಲ ಫ್ಲೆಕ್ಸ್ ಹರದ್ ಒಗೀತಾರ. ನನಗೊಂದು ಸಣ್ಣ ಫೋಟೋ ತೆಗದು ಕೊಡವಾ. ಯಾರಿಗೂ ಕಾಣದಂಗ ಟ್ರಂಕಿನ್ಯಾಗ ಇಟ್ಗೋತೀನಿ.”

“ಟ್ರಂಕಿನ್ಯಾಗ ಯಾಕ್ರೀ? ಕಳವು ಮಾಡೀರೇನು?” ಮಲ್ಲೇಶ್ವರಿಯ ದನಿ ಬೀದಿಗೆ ಕೇಳುವಷ್ಟು ಏರಿತು. “ಗ್ವಾಡಿಗಿ ಹಾಕ್ರಿ!”

ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಾಗದ ತೆಗೆದು ಪ್ರಿಂಟರಿಗೆ ಹಾಕಿದಳು.