ಬಟ್ಟೆ ಹರಿಯದ ವರ್ಷ

ಚಿಂದಿ ಜೋಡಿಸಿ ಹೊಲಿದ ನಮ್ಮ ಮನೆಯ ಪರ್ಬದ ಗೋದಡಿಯನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂಡಬಿದಿರೆಯ ನನ್ನ ಮನೆಗೆ ಬಂದವರಿಗೆ ಕಪಾಟಿನ ಬಾಗಿಲು ತೆರೆದಿದ್ದರೆ ಸಾಕು, ಅದನ್ನು ಎಳೆದು ಬಿಡಿಸಿ, "ಅಬ್ಬ, ಎಷ್ಟು ಸಣ್ಣ ಸಣ್ಣ ತುಂಡು! ನಿಮ್ಮ ಅಮ್ಮನಿಗೆ ಎಂಥ ತಾಳ್ಮೆ!" ಎನ್ನುತ್ತಾರೆ. ತಾಳ್ಮೆಯಂತೆ ತಾಳ್ಮೆ. ಆ ತಾಳ್ಮೆಗೆ ಬೆಂಕಿ ಬೀಳಲಿ. ಕೊನೆಯ ಸಾಲೊಂದು ಬಿಟ್ಟರೆ, ಅದರಲ್ಲಿರುವ ಒಂದೊಂದು ತುಂಡೂ ಅಪ್ಪ ಹೊಡೆಯುವಾಗ ನಮ್ಮ ಮೈಮೇಲೆ ಹರಿದ ಬಟ್ಟೆಯದ್ದು. ಇದನ್ನು ಬಂದವರ ಮುಖಕ್ಕೆ ಹೇಳುವ ಹಾಗಿಲ್ಲವಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ಪುಂಜಾಲಕಟ್ಟೆಯಿಂದ ಮಡಂತ್ಯಾರಿಗೆ ಹೋಗುವ ರಸ್ತೆಯ ಕೆಳಬದಿಯಲ್ಲಿ ನಮ್ಮ ಹಂಚಿನ ಮನೆ ಇತ್ತು. ಎರಡು ಕೋಣೆ, ಒಂದು ಜಗಲಿ. ಅಪ್ಪ, ಅಮ್ಮ, ನಾನು, ನನಗಿಂತ ನಾಲ್ಕು ವರ್ಷ ಸಣ್ಣವನಾದ ತಮ್ಮ. ಅಪ್ಪನಿಗೆ ಮರದ ಮಿಲ್ಲಿನಲ್ಲಿ ಕೆಲಸ. ಅಪ್ಪ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದರೆ ಊರವರಿಗೆ ಹೇಳಲು ನಮಗೊಂದು ಕಾರಣವಾದರೂ ಸಿಗುತ್ತಿತ್ತು. ಹೊರಗೆ ಎಲ್ಲರಿಗೂ ಬೇಕಾದ ಮನುಷ್ಯ, ಯಾರ ಮನೆಯಲ್ಲಿ ಮದುವೆಯಾದರೂ ಚಪ್ಪರಕ್ಕೆ ಮೊದಲ ಕಂಬ ಹೊತ್ತು ತರುವವನು. "ಅಪ್ಪ ಹೊಡೆದರು ಎಂದು ಬಹುವಚನದಲ್ಲಿ ಬರೆ" ಎಂದು ತಮ್ಮ ಈಗಲೂ ಹೇಳುತ್ತಾನೆ. ಎದುರಿಗೆ ಜೀವಮಾನವಿಡೀ ಬಹುವಚನ ಕೊಟ್ಟಾಗಿದೆ. ಕಾಗದದ ಮೇಲೆ ಕೊಡುವುದಿಲ್ಲ.

ಅಪ್ಪ ಹೊಡೆಯುವುದಕ್ಕೆ ಒಂದು ಕ್ರಮವಿತ್ತು. ಮೊದಲು ಎಡಗೈಯಲ್ಲಿ ಬಟ್ಟೆ ಹಿಡಿಯುವುದು, ಆಮೇಲೆ ಬಲಗೈ ಎತ್ತುವುದು. ಕಾಲರೋ, ತೋಳೋ, ಸೆರಗೋ, ಕೈಗೆ ಸಿಕ್ಕಿದ್ದು. ನಾವು ತಪ್ಪಿಸಿಕೊಳ್ಳಲು ಎಳೆದಾಗ ಬಟ್ಟೆ ಪರ್ರನೆ ಹರಿಯುತ್ತಿತ್ತು. ಗಂಜಿ ಆರಿಹೋಗಿದೆ ಎಂದು ಬಟ್ಟಲಿನ ಸಮೇತ ಅಮ್ಮನ ಮುಖಕ್ಕೆ ಎಸೆದು, ರವಕೆ ಹಿಡಿದು ಗೋಡೆಗೆ ಜಪ್ಪಿದ ದಿನ ಅಮ್ಮನ ಹಣೆ ಒಡೆಯಿತು, ರವಕೆಯ ಬೆನ್ನು ಎರಡಾಯಿತು. ನಾನು ಐದನೇ ಕ್ಲಾಸಿನಲ್ಲಿದ್ದಾಗ, "ನೀವು ಸುಮ್ಮಸುಮ್ಮನೆ ಹೊಡೆಯುವುದು" ಎಂದು ಎದುರು ಮಾತಾಡಿದ್ದಕ್ಕೆ ಲಂಗ ಹಿಡಿದು ಜಗಲಿಯಿಂದ ಅಂಗಳಕ್ಕೆ ಎಸೆದ. ಲಂಗದ ನೆರಿಗೆ ಅವನ ಕೈಯಲ್ಲೇ ಉಳಿಯಿತು, ನನ್ನ ಎರಡು ಹಲ್ಲು ಅಂಗಳದಲ್ಲಿ. ಆದರೂ ನನ್ನ ಬಾಯಿ ಮುಚ್ಚಲಿಲ್ಲ. ನನಗೆ ಬಾಯಿ, ತಮ್ಮನಿಗೆ ಮೌನ. ಪೆಟ್ಟು ಮಾತ್ರ ಇಬ್ಬರಿಗೂ ಒಂದೇ.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಆಗ ನಮ್ಮ ಕಡೆ ಬೀಡಿ ಕಟ್ಟದ ಹೆಂಗಸರು ಕಡಿಮೆ. ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪಿನ ಪುಡಿ, ನೆನೆಸಿದ ಎಲೆ, ಕತ್ತರಿ, ಮತ್ತು ಎಲೆಯನ್ನು ಒಂದೇ ಅಳತೆಗೆ ಕತ್ತರಿಸಲು ಒಂದು ತಗಡಿನ ತುಂಡು. ತಗಡನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸಿದರೆ ಆಯಿತು, ಕಣ್ಣು ಮುಚ್ಚಿ ಮಾಡುತ್ತಿದ್ದಳು. ಹರಿದ ಬಟ್ಟೆಯನ್ನು ಅವಳು ಅದೇ ತಗಡು ಇಟ್ಟು ಕತ್ತರಿಸಿದಳು. ನನ್ನ ಲಂಗ, ಅವಳ ರವಕೆ, ತಮ್ಮನ ಶಾಲೆಯ ಅಂಗಿ, ಎಲ್ಲವೂ ಬೀಡಿ ಎಲೆಯ ಅಳತೆಗೆ ಬಂದವು. ಎರಡು ಹಳೆ ಸೀರೆಗಳನ್ನು ಜೋಡಿಸಿ, ಅದರ ಮೇಲೆ ಈ ತುಂಡುಗಳನ್ನು ಸಾಲಾಗಿ ಇಟ್ಟು ಹೊಲಿದಳು. ವರ್ಷಕ್ಕೊಂದು ಸಾಲು, ಹರಿದದ್ದು ಹೆಚ್ಚಾದರೆ ಎರಡು. ಪರ್ಬಕ್ಕೆ ಮೊದಲು ಆ ವರ್ಷದ ಸಾಲು ಮುಗಿಯಬೇಕು. ಪರ್ಬವೆಂದರೆ ನಮ್ಮಲ್ಲಿ ದೀಪಾವಳಿ. ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ಬಂದ ಮಕ್ಕಳು ಗೋದಡಿಯ ಮೇಲೆ ಕುಳಿತು ದೋಸೆ, ಸಿಹಿ ಅವಲಕ್ಕಿ ತಿನ್ನುವುದು ನಮ್ಮ ಮನೆಯ ಪದ್ಧತಿಯಾಯಿತು. ನಾವು ಕುಳಿತದ್ದು ನಮ್ಮದೇ ಪೆಟ್ಟುಗಳ ಮೇಲೆ.

ಗೋದಡಿಯ ಮೂರು ಬದಿಗೆ ಅಂಚು ಕಟ್ಟಿತ್ತು. ನಾಲ್ಕನೆಯದು ಖಾಲಿ, ನೂಲು ಜೋತಾಡುತ್ತಿತ್ತು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದೆ.

"ಬಟ್ಟೆ ಹರಿಯದ ಒಂದು ವರ್ಷ ಬಂದರೆ ಆ ಪರ್ಬಕ್ಕೆ ಅಂಚು ಕಟ್ತೇನೆ. ದೇವರಿಗೆ ಹೇಳಿ ಇಟ್ಟಿದ್ದೇನೆ" ಎಂದಳು ಅಮ್ಮ. "ಅಂಚು ಕಟ್ಟಿದ ಮೇಲೆ ಮತ್ತೆ ಸೇರಿಸಲಿಕ್ಕೆ ಜಾಗ ಇಲ್ಲ ಅಲ್ಲವಾ? ಅಲ್ಲಿಗೆ ಅವರ ಹೊಡೆಯುವ ಬುದ್ಧಿಯೂ ನಿಲ್ತದೆ."

ನಮಗೆ ಅದರಲ್ಲಿ ಒಂದಿಷ್ಟೂ ಸಂಶಯ ಬರಲಿಲ್ಲ. ಅಮ್ಮ ಹರಕೆ ಹೇಳಿಕೊಂಡ ಮೇಲೆ ಮುಗಿಯಿತು. ಒಂದು ವರ್ಷ, ಒಂದೇ ಒಂದು ವರ್ಷ ಬಟ್ಟೆ ಹರಿಯದಿದ್ದರೆ ಸಾಕು, ನಾವು ಮೂವರೂ ಬಚಾವ್.

ಪ್ರತಿ ಪರ್ಬಕ್ಕೆ ಬೆಳ್ತಂಗಡಿಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಬರುತ್ತಿದ್ದಳು. ಗೋದಡಿಯನ್ನು ಸವರುತ್ತಾ, "ಎಂಥ ಚಂದ ಮಾರಾಯ್ತಿ! ಈ ಸಲ ಹಸಿರು ಸಾಲು ಸೇರಿಸಿದ್ದೀಯಾ?" ಎನ್ನುತ್ತಿದ್ದಳು. ಅಪ್ಪ ಎದೆಯುಬ್ಬಿಸಿ, "ನನ್ನ ಹೆಂಡತಿ ಒಂದು ಚಿಂದಿ ಸಹ ಬಿಸಾಡುವವಳಲ್ಲ" ಎನ್ನುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲ. ಹೊಡೆದದ್ದು ಅವನ ನೆನಪಿನಲ್ಲಿ ಅರ್ಧ ದಿನವೂ ನಿಲ್ಲುತ್ತಿರಲಿಲ್ಲ, ಇನ್ನು ಬಟ್ಟೆಯ ಬಣ್ಣ ನೆನಪಿರುತ್ತದೆಯೇ? ಅತ್ತೆ ಸವರಿದ ಆ ಹಸಿರು ನನ್ನ ದಾವಣಿಯದ್ದು. ಆ ದಾವಣಿಯನ್ನೇ ಕುತ್ತಿಗೆಗೆ ಸುತ್ತಿ ಎಳೆದಿದ್ದ. ಎಂಟು ದಿನ ನನಗೆ ಉಗುಳು ನುಂಗಲು ಆಗಿರಲಿಲ್ಲ. ಅತ್ತೆಯ ಕೈ ತಳ್ಳಿ ನಾನು ಎದ್ದು ಹೋದೆ. "ಹುಡುಗಿಗೆ ಸೊಕ್ಕು" ಎಂದಳು ಅತ್ತೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು, ತಮ್ಮನಿಗೆ ಹದಿಮೂರು. ಆ ವರ್ಷದ ಪರ್ಬ ಕಳೆದ ಮಾರನೆಯ ದಿನವೇ ನಾವು ಮೂವರೂ ಕುಳಿತು ಒಂದು ಉಪಾಯ ಮಾಡಿದೆವು. ಅಪ್ಪ ಹೊಡೆಯುವುದನ್ನು ತಪ್ಪಿಸಲು ಸಾಧ್ಯವಿಲ್ಲ, ಬಟ್ಟೆ ಹರಿಯುವುದನ್ನು ತಪ್ಪಿಸಬಹುದು. ತಮ್ಮನಂತೂ ಮನೆಯಲ್ಲಿ ಅಂಗಿಯ ಗುಂಡಿ ಹಾಕುವುದನ್ನೇ ಬಿಟ್ಟ. ಅಪ್ಪ ಕಾಲರ್ ಹಿಡಿದ ಕೂಡಲೇ ಎರಡೂ ಕೈ ಹಿಂದಕ್ಕೆ ಚಾಚಿದರೆ ಅಂಗಿ ಕಳಚಿ ಅಪ್ಪನ ಕೈಗೆ ಬರುತ್ತಿತ್ತು, ಹರಿಯುತ್ತಿರಲಿಲ್ಲ. ನನಗೂ ಅಮ್ಮನಿಗೂ ಹಾಗೆ ಮಾಡಲಿಕ್ಕಿಲ್ಲವಲ್ಲ. "ಎಳೆದ ಕಡೆಗೇ ಹೋಗಬೇಕು, ಹಿಂದೆ ಜಗ್ಗಬಾರದು. ಓಡಲೇ ಬಾರದು" ಎಂದು ಅಮ್ಮ ಹೇಳಿಕೊಟ್ಟಳು. ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ಹೇಳಿಕೊಟ್ಟಳು. ನಾನು ಸೆರಗು ಹಿಡಿಯುವ ಅಪ್ಪನಾದೆ, ಅವಳು ನನ್ನ ಕಡೆಗೆ ಬಂದು ಬಂದು ತೋರಿಸಿದಳು. ನಾವು ನಕ್ಕೆವು ಸಹ.

ಆ ವರ್ಷ ನಾವು ತಿಂದಷ್ಟು ಪೆಟ್ಟು ಹಿಂದೆಂದೂ ತಿಂದಿರಲಿಲ್ಲ. ಮೊದಲೆಲ್ಲ ಬಟ್ಟೆ ಹರಿದಾಗ ಅಪ್ಪನ ಹಿಡಿತ ತಪ್ಪುತ್ತಿತ್ತು, ನಾವು ಹಿತ್ತಲಿಗೆ ಓಡುತ್ತಿದ್ದೆವು. ಈಗ ಕಂಬದಂತೆ ನಿಂತೆವು. ಅಪ್ಪನ ತೋಳು ಸೋಲುವ ತನಕ ನಿಂತೆವು. ಬೇಸಿಗೆಯಲ್ಲಿ ಅಮ್ಮನ ಕಿರುಬೆರಳು ಮುರಿಯಿತು, ಅದನ್ನು ಪಕ್ಕದ ಬೆರಳಿಗೆ ಬೀಡಿಯ ನೂಲಿನಿಂದಲೇ ಕಟ್ಟಿಕೊಂಡು ಕೆಲಸ ಮಾಡಿದಳು. ಮಳೆ ಶುರುವಾದಾಗ ನನ್ನ ಬೆನ್ನಿಗೆ ಅಪ್ಪನ ಕೈಯಿಂದ ಮರದ ರೀಪಿನ ಪೆಟ್ಟು ಬಿತ್ತು. ಮೂರು ವಾರ ನಾನು ಬೋರಲು ಮಲಗಿದೆ. ಪ್ರತಿ ಸಲವೂ ಅಪ್ಪ ಹೊರಗೆ ಹೋದ ಮೇಲೆ ಅಮ್ಮ ನಮ್ಮ ಹತ್ತಿರ ಬಂದು ಮೊದಲು ಬಟ್ಟೆಯ ಹೊಲಿಗೆ ನೋಡುತ್ತಿದ್ದಳು. "ಹರಿಯಲಿಲ್ಲ" ಎನ್ನುತ್ತಿದ್ದಳು. ನಾವೂ ಖುಷಿಯಲ್ಲಿ "ಹರಿಯಲಿಲ್ಲ" ಎನ್ನುತ್ತಿದ್ದೆವು. ಎಂಥ ಮೂರ್ಖರಪ್ಪ ನಾವು! ಬಟ್ಟೆಯನ್ನು ಉಳಿಸಲು ಚರ್ಮ ಕೊಟ್ಟೆವು, ಅದನ್ನು ಗೆಲುವು ಎಂದು ತಿಳಿದೆವು.

ಪರ್ಬಕ್ಕೆ ಎರಡು ದಿನ ಇತ್ತು. ಅಂಚಿಗೆಂದು ಅಮ್ಮ ಮಡಂತ್ಯಾರಿನಿಂದ ಕೆಂಪು ಬಟ್ಟೆ ತಂದಿಟ್ಟಾಗಿತ್ತು. ಮಧ್ಯಾಹ್ನ ಅಂಗಳದಲ್ಲಿ ತಮ್ಮ ಗೂಡುದೀಪ ಮಾಡಲು ಬಿದಿರು ಸೀಳುತ್ತಿದ್ದ. ಅದಕ್ಕೆ ಅಪ್ಪನ ಒಳ್ಳೆಯ ಕತ್ತಿ ತೆಗೆದಿದ್ದ, ಅದು ಕಲ್ಲಿಗೆ ತಾಗಿ ಬಾಯಿ ಹಾಳಾಯಿತು. ಅಪ್ಪ ಮಿಲ್ಲಿನಿಂದ ಬಂದವನೇ ಕತ್ತಿಯನ್ನು ಎತ್ತಿ ನೋಡಿದ.

"ಯಾರು ಮಾಡಿದ್ದು ಇದು?"

"ನಾನು" ಎಂದ ತಮ್ಮ.

ಅಪ್ಪ ಕಾಲರಿಗೆ ಕೈ ಹಾಕಿದ. ತಮ್ಮ ಕೈ ಹಿಂದಕ್ಕೆ ಚಾಚಿದ, ಅಂಗಿ ಕಳಚಿತು. ಅಪ್ಪ ಅದನ್ನು ನೆಲಕ್ಕೆಸೆದು ಚಡ್ಡಿಯ ಸೊಂಟ ಹಿಡಿದ. ಹಳೆಯ ಚಡ್ಡಿ, ಅಲ್ಲಾಡಿದರೆ ಹರಿಯುತ್ತದೆ. ತಮ್ಮ ಅಲ್ಲಾಡಲಿಲ್ಲ. ಮುಖಕ್ಕೆ ಕೈ ಅಡ್ಡ ಹಿಡಿಯಲೂ ಇಲ್ಲ. ಅಪ್ಪ ಅಂಗೈ ಬಿಚ್ಚಿ ಎಡಗಿವಿಯ ಮೇಲೆ ಹೊಡೆದ. ಮತ್ತೆ ಅಲ್ಲಿಗೇ ಹೊಡೆದ. ಮರದ ದಿಮ್ಮಿ ತಿರುಗಿಸುವ ಕೈ ಅದು. ನನಗೆ ಲೆಕ್ಕ ತಪ್ಪಿತು. "ಓಡು ಮಾರಾಯ, ಓಡು!" ಎಂದು ಬೊಬ್ಬೆ ಹೊಡೆದೆ. ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡುತ್ತಾ ತಮ್ಮ ಅಲ್ಲೇ ನಿಂತ. ಕೊನೆಗೆ ಅಪ್ಪನೇ ಸುಸ್ತಾಗಿ ಬಿಟ್ಟಾಗ ಹುಡುಗ ಕುಸಿದು ಕುಳಿತ. ಕಿವಿಯಿಂದ ರಕ್ತ ಇಳಿದು ಕುತ್ತಿಗೆಯ ಉದ್ದಕ್ಕೂ ಹರಿಯಿತು.

ಅಮ್ಮ ಓಡಿ ಬಂದಳು. ಬಂದವಳು ಅಂಗಳದಲ್ಲಿ ಬಿದ್ದ ಅಂಗಿಯನ್ನು ಎತ್ತಿಕೊಂಡಳು. ಧೂಳು ಕೊಡವಿ, ಬಿಸಿಲಿಗೆ ಹಿಡಿದು, ಕಾಲರು, ತೋಳು, ಕಂಕುಳು ಎಲ್ಲ ನೋಡಿದಳು. ಆಮೇಲೆ ತಮ್ಮನ ಚಡ್ಡಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಎರಡೂ ಹರಿಯಲಿಲ್ಲ" ಎಂದಳು. ಅವಳ ಮುಖದಲ್ಲಿ ನಗು ಇತ್ತು. "ಇನ್ನು ಎರಡೇ ದಿನ ಮಗಾ."

ಅಪ್ಪನ ಮೇಲೆ ಅಷ್ಟು ವರ್ಷ ಬಂದ ಸಿಟ್ಟೆಲ್ಲ ಸೇರಿದರೂ ಆ ಗಳಿಗೆಯಲ್ಲಿ ಅಮ್ಮನ ಮೇಲೆ ಬಂದಷ್ಟಾಗದು. ಅವಳ ಕೈಯಿಂದ ಅಂಗಿ ಕಸಿದುಕೊಂಡು ಕಾಲರಿನಿಂದ ಕೆಳಗಿನವರೆಗೆ ಸರ್ರನೆ ಹರಿದೆ. ಸಾಲದೆಂದು ತೋಳುಗಳನ್ನೂ ಕಿತ್ತೆ. "ತಗೊಳ್ಳಿ, ಹೊಲಿಯಿರಿ! ಅವನ ಕಿವಿ ಸಹ ಕತ್ತರಿಸಿ ಹೊಲಿಯಿರಿ!" ಎಂದು ಕಿರುಚಿ ಚಿಂದಿಯನ್ನು ಅವಳ ಮುಖಕ್ಕೇ ಎಸೆದೆ.

ಜಗಲಿಯಲ್ಲಿ ಕುಳಿತು ಕತ್ತಿ ಮಸೆಯತೊಡಗಿದ್ದ ಅಪ್ಪ ತಲೆಯೆತ್ತಿ, "ಮರ್ಲು ಹಿಡಿಯಿತಾ ಇವಳಿಗೆ? ಒಳ್ಳೆಯ ಅಂಗಿ ಅಲ್ಲವಾ ಅದು?" ಎಂದ.

ಅಮ್ಮ ಅಂದಿನವರೆಗೆ ನಮ್ಮ ಮೇಲೆ ಕೈ ಮಾಡಿದವಳಲ್ಲ. ಅವಳು ಎಡಗೈಯಲ್ಲಿ ನನ್ನ ರವಕೆಯ ತೋಳು ಹಿಡಿದಳು, ಬಲಗೈ ಎತ್ತಿದಳು. ಕೆನ್ನೆಗೆ, ತಲೆಗೆ, ಬಾಯಿಗೆ, ರೀಪಿನ ಪೆಟ್ಟು ಬಿದ್ದಿದ್ದ ಬೆನ್ನಿಗೇ ಹೊಡೆದಳು. "ಎರಡು ದಿನ! ಎರಡೇ ದಿನ ಇತ್ತು! ಹಾಳು ಮಾಡಿದೆಯಲ್ಲ, ಪಾಪಿ!" ಎನ್ನುತ್ತಾ ಹೊಡೆದಳು. ಅಪ್ಪನ ಹಾಗೆ ಹೊಡೆದಳು, ಅದೇ ಕ್ರಮ, ಅದೇ ಉಸಿರು. ನಾನು ಅವಳ ಕಡೆಗೆ ಹೋಗಲಿಲ್ಲ. ಬಲ ಹಾಕಿ ಹಿಂದಕ್ಕೆ ಜಗ್ಗಿದೆ, ಬೇಕೆಂದೇ ಜಗ್ಗಿದೆ. ರವಕೆಯ ತೋಳು ಹೆಗಲಿನಿಂದ ಕಿತ್ತು ಅವಳ ಕೈಯಲ್ಲಿ ಉಳಿಯಿತು.

ಅಮ್ಮ ನಿಂತಳು. ಕೈಯಲ್ಲಿದ್ದ ತೋಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ತೋಳನ್ನು ಹಿಡಿದುಕೊಂಡೇ ಒಳಗೆ ಹೋದಳು.

ತಮ್ಮನನ್ನು ಬಂಟ್ವಾಳದ ಡಾಕ್ಟರರ ಹತ್ತಿರ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮರದಿಂದ ಬಿದ್ದ ಎಂದು ಹೇಳಿದೆವು. ಅವರು ನಂಬಲಿಲ್ಲ. ಕಿವಿಯ ಪೊರೆ ಹರಿದಿದೆ, ಈ ಕಿವಿ ಇನ್ನು ಕೇಳುವುದು ಕಷ್ಟ ಎಂದರು.

ಮನೆಗೆ ಬಂದಾಗ ಅಮ್ಮ ಗೆರಸೆ ಬದಿಗಿಟ್ಟು ಗೋದಡಿ ಹರಡಿಕೊಂಡಿದ್ದಳು. ತಮ್ಮನ ಅಂಗಿಯ ತುಂಡುಗಳು ಆಗಲೇ ಸಾಲಾಗಿ ಕುಳಿತಿದ್ದವು. ಈಗ ನನ್ನ ರವಕೆಯ ತೋಳಿನ ಮೇಲೆ ತಗಡು ಇಟ್ಟಿದ್ದಳು.

"ಅದು ಅಪ್ಪ ಹರಿದದ್ದಲ್ಲ" ಎಂದೆ.

"ಗೊತ್ತುಂಟು. ನಾನು ಹರಿದದ್ದು" ಎಂದು ಕತ್ತರಿ ಆಡಿಸಿದಳು. ಡಾಕ್ಟರರು ಹೇಳಿದ್ದನ್ನು ನಾನು ಹೇಳಿದೆ. ಕತ್ತರಿ ಅರ್ಧದಲ್ಲಿ ನಿಂತಿತು. ಮತ್ತೆ ಆ ತುಂಡನ್ನು ಕತ್ತರಿಸಿ ಮುಗಿಸಿ, ಸಾಲಿನ ಕೊನೆಗೆ ಇಟ್ಟು ಹೊಲಿದಳು. ಆಮೇಲೆ ಕೆಂಪು ಬಟ್ಟೆ ತೆಗೆದು ನಾಲ್ಕನೆಯ ಬದಿಗೆ ಅಂಚು ಕಟ್ಟಿದಳು. ಹರಕೆಯ ವರ್ಷ ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಯಾಕೆ ಕಟ್ಟುತ್ತೀರಿ ಎಂದು ಕೇಳುವ ಧೈರ್ಯ, ಇಷ್ಟು ಬಾಯಿಯಿದ್ದ ನನಗೂ ಬರಲಿಲ್ಲ. ಅಪ್ಪ ಆಮೇಲೆಯೂ ಹೊಡೆದ, ನಾವು ಓಡಿದೆವು, ಬಟ್ಟೆ ಹರಿಯಿತು, ಹರಿದದ್ದು ಬಚ್ಚಲಿನ ಒಲೆಗೆ ಹೋಯಿತು.

ಆ ಪರ್ಬದ ಬೆಳಿಗ್ಗೆ ತಮ್ಮ ಎಡಗಿವಿಗೆ ಹತ್ತಿ ಇಟ್ಟುಕೊಂಡು ಗೋದಡಿಯ ಮೇಲೆ ಕುಳಿತಿದ್ದ. ತಲೆಗೆ ನೀರು ತಾಗಿಸಬಾರದು ಎಂದದ್ದರಿಂದ ಅವನಿಗೆ ಎಣ್ಣೆಸ್ನಾನ ಇರಲಿಲ್ಲ. ಅತ್ತೆ ಹೊಸ ಅಂಚನ್ನು ಹಿಡಿದು, "ಅಂತೂ ಮುಗಿಸಿದೆಯಲ್ಲ ಮಾರಾಯ್ತಿ!" ಎಂದು ಸಂತೋಷಪಟ್ಟಳು. ಅಮ್ಮ ಅಡುಗೆಮನೆಯಿಂದ ದೋಸೆ ಹಿಡಿದುಕೊಂಡು ಅವನ ಎಡಬದಿಗೆ ಬಂದು, "ಮಗಾ, ತಗೋ" ಎಂದಳು. ಅವನು ತಿರುಗಲಿಲ್ಲ. "ಮಗಾ" ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕರೆದಳು. ಅವನು ಅಂಗಳದ ಗೂಡುದೀಪವನ್ನೇ ನೋಡುತ್ತಿದ್ದ. ಅಮ್ಮ ದೋಸೆಯ ತಟ್ಟೆ ಹಿಡಿದುಕೊಂಡೇ ಗೋದಡಿಯನ್ನು ಸುತ್ತಿ ಅವನ ಬಲಬದಿಗೆ ಹೋಗಿ ನಿಂತಳು.