ಕೌದಿಯ ಮೂಲೆಯ ಜೋಳ

ಹೈದರಾಬಾದಿನ ಕಸದ ಜಾತಕ ಬಲ್ಲವನು ನಾನು. ನಗರದಂಚಿನ ಕಸ ಸಂಸ್ಕರಣಾ ಘಟಕದಲ್ಲಿ ಮೇಲ್ವಿಚಾರಕ. ಲಾರಿ ತೂಕವಾಗಿ ಒಳಗೆ ಬಂದರೆ ಅದರ ಹಣೆಬರಹ ಹೇಳಿಬಿಡುತ್ತೇನೆ. ಹಸಿಯದು ಗೊಬ್ಬರಕ್ಕೆ. ಬಟ್ಟೆ, ಪ್ಲಾಸ್ಟಿಕ್ಕು ಚೂರಾಗಿ ಬಾಯ್ಲರಿನ ಬೆಂಕಿಗೆ, ಅಲ್ಲಿಂದ ಕರೆಂಟು. ಯಾವುದಕ್ಕೂ ಬಾರದ್ದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಗೆ. ಗುಂಡಿ ತುಂಬಿ ಗುಡ್ಡವಾದ ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸುತ್ತೇವೆ.

ಅವ್ವ ತೀರಿಕೊಂಡಾಗ ಈ ಜಾಣತನವೇ ನನಗೆ ಮುಳುವಾಯಿತು. ನಾನು ಅಸ್ಥಿ ಬಿಡಲು ಕೃಷ್ಣೆಗೆ ಹೋಗಿದ್ದೆ. ಸತ್ತವರ ಹಾಸಿಗೆ ಮನೆಯಲ್ಲಿರಬಾರದೆಂದು ತಮ್ಮ ಎಲ್ಲವನ್ನೂ ಕಸದ ಆಟೋಗೆ ಹಾಕಿಬಿಟ್ಟಿದ್ದ, ಅವಳ ಕೌದಿಯನ್ನೂ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವಳೇ ಹೊಲಿದದ್ದು. ಕೌದಿಯ ಹೊಟ್ಟೆ ಬರಿದಿರಬಾರದೆಂದು ನಮ್ಮ ಕಡೆ ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಜೋಳ ಇಟ್ಟು ಹೊಲಿಯುತ್ತಿದ್ದರು. ಅವ್ವ ಜೊತೆಗೊಂದು ಲವಂಗವನ್ನೂ ಇಡುವಳು. "ಉಂಡ ಮ್ಯಾಲ ಬಾಯಿಗೆ ಏನರ ಬೇಕಲ್ಲೋ" ಅನ್ನುವಳು. ಹಾಗೆ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ತಮ್ಮನ ಮೇಲೆ ಕೂಗಾಡಿದೆ. ಅವನು ಪಾಪ, ಪದ್ಧತಿಯಂತೆ ಮಾಡಿದ್ದ. ಕೌದಿ ಯಾವ ಬೆಂಕಿಗೆ ಹೋಗುತ್ತದೆಂದು ಗೊತ್ತಿದ್ದವನು ನಾನೊಬ್ಬನೇ.

ಕಸ ಕೆಲವೊಮ್ಮೆ ರಾಶಿಯಲ್ಲೇ ವಾರಗಟ್ಟಲೆ ಬಿದ್ದಿರುವುದುಂಟು. ಆ ಆಸೆಯಿಂದ, ಸೂತಕ ಕಳೆದು ಕೆಲಸಕ್ಕೆ ಮರಳಿದವನು ಕಸ ಸಾಗುವ ಬೆಲ್ಟಿನ ಬಳಿಯೇ ಠಳಾಯಿಸತೊಡಗಿದೆ. ಅಲ್ಲಿ ರಾಯಚೂರು ಕಡೆಯ ಹೆಂಗಸರು ಕಸ ಆರಿಸುತ್ತಾರೆ. ಕೌದಿ ಹುಡುಕುತ್ತಿದ್ದೇನೆಂದು ಅವರಿಗೆ ಹೇಳಲು ಸಂಕೋಚವಾಯಿತು.

ಒಂದು ಮಧ್ಯಾಹ್ನ ಕೌದಿಯೊಂದು ಬಂತು. ಓಡಿ ಹೋಗಿ ಬೆಲ್ಟು ನಿಲ್ಲಿಸಿದೆ. ಅವ್ವನದಲ್ಲ, ಯಾರದೋ ಹೂವಿನ ಸೀರೆಯದು. ಅಷ್ಟರಲ್ಲಿ ಹಿರಿಯ ಹೆಂಗಸೊಬ್ಬರು ಅದರ ಮೂಲೆ ಬಿಚ್ಚಿ ಕಾಳು ತೆಗೆದರು.

"ಏನ್ ಮಾಡಾಕತ್ತೀರಿ?" ಎಂದೆ.

"ಹೊಟ್ಟ್ಯಾಗಿನ ಕಾಳು ಬೆಂಕಿಗೆ ಹಾಕಬಾರದ್ರಿ ಸಾಹೇಬ್ರ. ಕೌದಿ ಬಂದಾಗೆಲ್ಲಾ ಹಿಂಗ ತಗೀತೀವ್ರಿ. ಹುಲ್ಲಿನ ಗುಡ್ಡದ ಮ್ಯಾಲ ಹಕ್ಕಿಗೆ ಚೆಲ್ಲತೀವ್ರಿ." ಆಮೇಲೆ ಏನೋ ನೆನಪಾದವರಂತೆ ನಕ್ಕರು. "ನೀವು ರಜಾದಾಗ ಇದ್ರಿ, ಇಳಕಲ್ ಸೀರೀದ ಒಂದು ಬಂದಿತ್ತು. ಭಾಳ ಛಂದ ಹೊಲಿಗಿ. ಯಾವ ತಾಯಿನೋ ಏನೋ, ಜ್ವಾಳದ ಕೂಡ ಒಂದು ಲವಂಗಾನೂ ಇಟ್ಟಿದ್ಲ್ರಿ."

"ಅದು ನಮ್ಮ ಅವ್ವಂದ್ರಿ" ಎಂದೆ. ಎಲ್ಲರೆದುರೇ ಅಳು ಬಂತು.

ಆಕೆ ಕೈಯಲ್ಲಿದ್ದ ಕಾಳನ್ನು ನನ್ನ ಅಂಗೈಗೆ ಸುರಿದರು. "ಇವತ್ತ ನೀವ ಚೆಲ್ಲಿ ಬರ್ರಿ" ಎಂದರು.

ಯಾರದೋ ಅವ್ವನ ಜೋಳ ಮುಷ್ಟಿಯಲ್ಲಿ ಹಿಡಿದು ನಾನು ಗುಡ್ಡ ಹತ್ತಿದೆ.